ದಾಳಿಂಬೆ ಗುಣಿಗೆ ತವರಿನ ಮಣ್ಣು

ಅಕ್ಕಾ, ನಿನ್ನ ದಾಳಿಂಬೆ ತೋಟಕ್ಕೆ ರೋಗ ತಂದವನು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ ತಂದೆ.

ತೊಂಬತ್ತರ ದಶಕದ ಕೊನೆಯಲ್ಲಿ ನೀನು ಗಂಡನೂರು ತೆಲಿಗಿಯ ಹೊಲದಲ್ಲಿ ಮೊದಲ ಸಲ ಗುಣಿ ತೋಡಿಸಿದ್ದೆ. "ಗುಣಿಗೊಂದು ಪುಟ್ಟಿ ತವರುಮನಿ ಮಣ್ಣು ತಂದು ಹಾಕೋ ತಮ್ಮಾ, ಅಪ್ಪನ ಹೊಲದ ಗುಣ ಗಿಡಕ್ಕೂ ಬರ್ಲಿ" ಅಂತ ನೀನು ಹೇಳಿದೆ. ಬೇರೆ ಹೆಣ್ಣುಮಕ್ಕಳು ತವರಿನಿಂದ ಸೀರೆ ಕೇಳುತ್ತಾರೆ. ನೀನು ಮಣ್ಣು ಕೇಳಿದೆ. ಕೋಗಳಿಯ ನಮ್ಮ ತೋಟದಲ್ಲಿ ಆಗಲೇ ಮಣ್ಣಿಗೆ ಕಣ್ಣಿಗೆ ಕಾಣದ ಜಂತುಹುಳು ಸೇರಿ ಗಿಡದ ಬೇರೆಲ್ಲ ಗಂಟುಗಂಟಾಗಿತ್ತು. ಹೇಳಿಬಿಡಬಹುದಿತ್ತು. ಆದರೆ ಸುತ್ತಲ ಊರಿನವರು ನೋಡಲು ಬರುವ ತೋಟ ನನ್ನದು — ಆ ಜಂಬ ಬಿಡಬೇಕಲ್ಲ. ಟ್ರ್ಯಾಕ್ಟರ್ ತುಂಬ ಮಣ್ಣು ತಂದು ಸುರಿದೆ. ನೀನು ಅದಕ್ಕೆ ಅರಿಸಿನ ಕುಂಕುಮ ಏರಿಸಿದೆ.

ಗಿಡ ಹಳದಿಯಾದವು. ನೀನು ಬುಡಕ್ಕೆ ಹುಳು ಸಾಯಿಸುವ ಗುಳಿಗೆ ಔಷಧ ಹಾಕಿದರೂ ಹತೋಟಿಗೆ ಬರಲಿಲ್ಲ. ನನ್ನ ತೋಟದಲ್ಲೂ ಅದು ಕೆಲಸ ಮಾಡುವುದನ್ನು ನಿಲ್ಲಿಸಿತ್ತು. ಒಂದೇ ಔಷಧವನ್ನು ಮತ್ತೆ ಮತ್ತೆ ಹಾಕಿದರೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನೇ ತಿನ್ನಲು ಕಲಿಯುತ್ತವೆ, ಹುಳು ಸಾಯುವ ಮೊದಲೇ ಔಷಧ ತೀರುತ್ತದೆ ಎಂದು ಕೃಷಿ ಅಧಿಕಾರಿಯೊಬ್ಬರು ನನಗೆ ಬಿಡಿಸಿ ಹೇಳಿದ್ದರು. ಅಂದರೆ ನಾನು ಹುಳುವಿನ ಜೊತೆಗೆ ಅದರ ಔಷಧ ತಿನ್ನುವವರನ್ನೂ ನಿನ್ನ ಹೊಲಕ್ಕೆ ತಂದಿದ್ದೆ. ಅಷ್ಟೆಲ್ಲ ತಿಳಿದೂ ಹೊಲದ ಬದುವಿನ ಮೇಲೆ, ಭಾವನ ಎದುರಿಗೇ ಅಂದೆ: "ನೀ ಗುಳಿಗಿ ಸರಿಯಾಗಿ ಹಾಕಿಲ್ಲ ಬಿಡಕ್ಕ." ನೀನು ತಲೆ ತಗ್ಗಿಸಿದೆ. ಆ ಮಾತು —

ಆಮೇಲೆ ನೀನು ಮಾಡಿದ್ದನ್ನು ನಾನು ಮರೆತಿಲ್ಲ. ಗಿಡ ಕೀಳಿಸಿ ಸುಟ್ಟೆ, ಬೇವಿನ ಹಿಂಡಿ ಹಾಕಿದೆ, ಹೊಲದ ತುಂಬ ಚೆಂಡುಹೂ ಬೆಳೆದೆ. ಹೂವಿನ ಗಿಡ ಹುಳುವನ್ನು ಹಿಮ್ಮೆಟ್ಟಿಸುತ್ತದೆಯೇ ಎಂದು ನಾನು ನಕ್ಕಿದ್ದೆ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಸಾಲಿನವನು ನಾನು. ನೀನು ಕೊಟ್ಟೂರಿನ ಸಂತೆಗೆ ಹೂ ಹೊರುತ್ತಲೇ ಮಣ್ಣನ್ನು ಮತ್ತೆ ದಾಳಿಂಬೆಗೆ ಒಗ್ಗಿಸಿದೆ, ನನಗೂ ಚೆಂಡುಹೂವಿನ ಬೀಜ ಕಳಿಸಿದೆ. ನನ್ನ ತೋಟ ಉಳಿದದ್ದು ನಿನ್ನಿಂದ.

ನಿನ್ನ ಹೊಸ ತೋಟದ ಮೂಲೆಯಲ್ಲಿ, ಅಂದು ಸುಡದೆ ಉಳಿಸಿದ ಹಳೆಯ ಗಿಡವೊಂದು ಬಡಕಲಾಗಿ ನಿಂತಿದೆ. ಅದರ ಮಣ್ಣು ಬೇರೆ ಗಿಡಕ್ಕೆ ತಾಗದಿರಲೆಂದು ಅದರ ಗುದ್ದಲಿಯನ್ನು ಕೂಡ ನೀನು ಬೇರೆ ಇಟ್ಟಿದ್ದೀ. ಇಷ್ಟು ತಿಳಿದವಳು ಅದನ್ನೇಕೆ ಕೀಳಲಿಲ್ಲ ಎಂದು ಮೊನ್ನೆ ನಾನು ಕೇಳಿದ್ದಕ್ಕೆ ನಿನ್ನ ಉತ್ತರ: "ಅದರ ಬುಡದಾಗ ತವರಿನ ಮಣ್ಣು ಐತಲ್ಲೋ."

ನಾಳೆ ಬರುತ್ತೇನೆ, ಅಕ್ಕಾ. ನೀನು ತಲೆ ತಗ್ಗಿಸಿದ ಅದೇ ಬದುವಿನ ಮೇಲೆ ನಿಂತು, ಭಾವನ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಆ ಗಿಡವನ್ನು ಇಟ್ಟುಕೊಳ್ಳುವುದೋ ಕೀಳುವುದೋ, ಆಮೇಲೆ ನೀನೇ ಹೇಳು.