ಸ್ನಾನಕ್ಕೆ ಮೊದಲಿನ ನೂಲು

ನಮ್ಮ ನಾಯಿಯ ಕೂದಲಿನಿಂದ ನೂಲು ತೆಗೆಯುತ್ತೇನೆ ಎಂದು ನಾನು ಹೊರಟಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ನಾನು ಕೈಹಾಕಿದ ಕೆಲಸಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ನಿಂತುಹೋಗುತ್ತವೆ ಎಂಬ ಭರವಸೆ ಅವರಿಗಿತ್ತು.

ನಾಯಿ ಅಂದರೆ ಹದಿಮೂರು ವರ್ಷದ ಬಿಳಿ ಪಾಮೇರಿಯನ್. ನರಸಿಂಹರಾಜಪುರದ ಗೆಳತಿಯ ಮನೆಯಿಂದ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಕೂತು, ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಕೊಪ್ಪಕ್ಕೆ ಬಂದವಳು. ನಾವೆಲ್ಲ ಕೂಸು ಎಂದೇ ಕರೆಯುತ್ತಿದ್ದೆವು. ಆ ವರ್ಷ ದನದ ಡಾಕ್ಟರು ಅವಳನ್ನು ಪರೀಕ್ಷಿಸಿ, "ಹಾರ್ಟ್ ವೀಕ್ ಆಗಿದೆ ಮೇಡಂ, ಈ ಚಳಿಗಾಲ ದಾಟಿದ್ರೆ ಅದೃಷ್ಟ" ಅಂದರು. ನನಗೆ ತುಂಬ ಸಂಕಟವಾಯಿತು. ಫೋನ್ ತುಂಬ ಅವಳ ಫೋಟೋಗಳಿದ್ದವು, ಆದರೆ ಫೋಟೋವನ್ನು ಕುತ್ತಿಗೆಗೆ ಸುತ್ತಿಕೊಳ್ಳಲಾಗುತ್ತದೆಯೇ? ಬಾಚಿದಾಗ ಬರುವ ಮೆತ್ತನೆಯ ಒಳಗೂದಲನ್ನು ನೂತು ಒಂದು ಮಫ್ಲರ್ ಹೆಣೆಯಬೇಕು, ಅವಳಿರುವಾಗಲೇ ಮುಗಿಸಬೇಕು ಎಂದು ಹಟ ಹಿಡಿದೆ.

ವಿಡಿಯೋದಲ್ಲಿ ನೋಡಿದಾಗ ನೂಲುವುದು ಸುಲಭವಿತ್ತು. ನನ್ನ ಕೈಯಲ್ಲಿ ಎಳೆ ಗೇಣುದ್ದ ಬರುವಷ್ಟರಲ್ಲಿ ಕಡಿಯುತ್ತಿತ್ತು.

ಮನೆಯಲ್ಲಿ ಆ ವಿದ್ಯೆ ಬರುತ್ತಿದ್ದುದು ಅತ್ತೆಗೆ ಮಾತ್ರ. ಶೃಂಗೇರಿಯ ಪುರೋಹಿತರ ಮನೆಯ ಮಗಳು. ಮನೆಯ ಗಂಡಸರ ಜನಿವಾರಕ್ಕೆಲ್ಲ ತಕಲಿಯಲ್ಲಿ ನೂಲು ತೆಗೆದವರು. ಎಂಬತ್ತರ ಹತ್ತಿರ ಬಂದು ಕಣ್ಣು ಮಂಜಾದರೂ ದೇವರ ದೀಪಕ್ಕೆ ಬತ್ತಿ ಅವರೇ ಹೊಸೆಯಬೇಕು. ಆದರೆ ಕೂಸನ್ನು ಹದಿಮೂರು ವರ್ಷದಲ್ಲಿ ಒಮ್ಮೆಯೂ ಮುಟ್ಟಿದವರಲ್ಲ. ಅವಳು ಹಾದುಹೋದರೆ ಸೀರೆಯ ನೆರಿಗೆ ಎತ್ತಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಅಂಥವರ ಹತ್ತಿರ ನಾಯಿಕೂದಲು ನೂತುಕೊಡಿ ಎಂದು ಕೇಳುವ ಧೈರ್ಯ ನನಗೆಲ್ಲಿಂದ ಬರಬೇಕು!

ಒಂದು ದಿನ ಕೂದಲನ್ನು ಸೀಗೆಪುಡಿಯಲ್ಲಿ ತೊಳೆದು, ಒಣಗಿಸಿ, ಬಿಡಿಸಿ, ಬಟ್ಟೆಯ ಚೀಲಕ್ಕೆ ತುಂಬಿ ನಡುಮನೆಯ ಕಿಟಕಿಯಲ್ಲಿಟ್ಟೆ. ಅತ್ತೆಯ ಹತ್ತಿಯ ಚೀಲವೂ ಅದೇ ಕಿಟಕಿಯಲ್ಲಿರುತ್ತಿತ್ತು ಎಂಬುದು ನನಗೆ ಮರೆತೇಹೋಗಿತ್ತು. ಮಾರನೆಯ ಬೆಳಿಗ್ಗೆ ಮನೆಯಿಡೀ ಸುಟ್ಟ ವಾಸನೆ. ವೈರ್ ಸುಟ್ಟಿದೆಯೆಂದು ಗಂಡ ಮೀಟರ್ ಬೋರ್ಡಿಗೆ ಓಡಿದರು. ನಾನು ಗ್ಯಾಸ್ ಒಲೆಯತ್ತ ಓಡಿದೆ. ಅಷ್ಟರಲ್ಲಿ ದೇವರಮನೆಯಿಂದ ಅತ್ತೆಯ ದನಿ ಕೇಳಿತು: "ಇದೆಂತ ಹತ್ತಿಯೇ ಮಾರಾಯ್ತಿ! ಹೊಸೆಯೋವಾಗ ಬೆಣ್ಣೆ ಹಂಗಿತ್ತು, ಹಚ್ಚಿದ್ರೆ ಚರಚರ ಅಂತ ಮುದುಡ್ತದೆ."

"ಅತ್ತೆ, ಅದು ಹತ್ತಿಯಲ್ಲ. ಕೂಸಿನ ಕೂದಲು" ಅಂದೆ.

ಅತ್ತೆ ದೀಪವನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದರು, ಎರಡು ಸಲ ಸ್ನಾನ ಮಾಡಿದರು, ಆಮೇಲೆ ಎರಡು ದಿನ ನನ್ನೊಂದಿಗೆ ಮಾತು ಬಿಟ್ಟರು. ಗಂಡ ಪೇಪರಿನ ಹಿಂದೆ ಮುಖವಿಟ್ಟು ನಗುತ್ತಿದ್ದರು. ನನಗಂತೂ ಅಳು ಬರುವಂತಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ನಾನು ಕಡಿದ ಎಳೆಗಳ ಜೊತೆ ಗುದ್ದಾಡುತ್ತಿದ್ದಾಗ ಅತ್ತೆ ಕಾಫಿ ಲೋಟ ಹಿಡಿದು ಬಂದು ನಿಂತರು.

"ಎಷ್ಟು ಹಾಳು ಮಾಡ್ತೀಯೇ, ಇತ್ಲಾಗೆ ಕೊಡು."

"ಅತ್ತೆ, ಮೈಲಿಗೆ..."

"ನಂದಿನ್ನೂ ಸ್ನಾನ ಆಗ್ಲಿಲ್ಲ. ಸ್ನಾನಕ್ಕೆ ಮೊದ್ಲು ಎಂತ ಮಡಿ, ಎಂತ ಮೈಲಿಗೆ? ಹೆಂಗೂ ಆಮೇಲೆ ತಲೆ ಮೇಲೆ ನೀರು ಬೀಳ್ತದಲ್ಲ. ಆದ್ರೆ ಜನಿವಾರದ ತಕಲಿ ಮುಟ್ಟಿದ್ಯೋ, ಕೈ ಮುರೀತೀನಿ!"

ಗಂಡ ಹಳೇ ಕೊಡೆಯ ಕಡ್ಡಿಗೆ ತೆಂಗಿನ ಗೆರಟೆಯ ಬಿಲ್ಲೆ ಸಿಕ್ಕಿಸಿ ಬೇರೆಯೇ ತಕಲಿ ಮಾಡಿಕೊಟ್ಟರು. ಅಂದಿನಿಂದ ಕಾಫಿಗೂ ಸ್ನಾನಕ್ಕೂ ನಡುವಿನ ಹೊತ್ತು ಕೂಸಿನ ಪಾಲಿಗೆ. ಅತ್ತೆಯ ಬೆರಳಿನಲ್ಲಿ ಎಳೆ ಕಡಿಯುತ್ತಲೇ ಇರಲಿಲ್ಲ. ಆರು ಗಂಟೆಗೆ ಆಗುತ್ತಿದ್ದ ಸ್ನಾನ ಏಳಕ್ಕೆ ಹೋಯಿತು, ಆಮೇಲೆ ಎಂಟಕ್ಕೆ. ನೂತದ್ದನ್ನು ನಾನು ಸಂಜೆ ಆಫೀಸಿನಿಂದ ಬಂದು ಹೆಣೆಯುತ್ತಿದ್ದೆ.

ಮಫ್ಲರ್ ಇನ್ನೊಂದು ಗೇಣು ಬಾಕಿಯಿದ್ದಾಗ ಕೂದಲು ಮುಗಿಯಿತು. ಅಷ್ಟರಲ್ಲಿ ಕೂಸು ಜಗಲಿಯ ಗೋಣಿಚೀಲದಿಂದ ಏಳುವುದನ್ನೇ ಬಿಟ್ಟಿದ್ದಳು. ಅವಳು ಏದುಸಿರು ಬಿಡುವುದನ್ನು ನೋಡಿದರೆ ಬಾಚಣಿಗೆ ಹಿಡಿಯಲು ನನಗೆ ಕೈ ಬರುತ್ತಿರಲಿಲ್ಲ. "ಗಿಡ್ಡವಾದರೆ ಆಗಲಿ, ಸಾಕು ಅತ್ತೆ" ಅಂದುಬಿಟ್ಟೆ.

ಮಾರನೆಯ ದಿನ ಭಾನುವಾರ. ಎದ್ದು ಬಂದು ನೋಡುತ್ತೇನೆ, ಅತ್ತೆ ಸೆರಗು ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂಸಿನ ಪಕ್ಕ ಕೂತಿದ್ದಾರೆ, ಕೈಯಲ್ಲಿ ಬಾಚಣಿಗೆ. ಒಂದು ಸಲ ಬಾಚುವುದು, ನಾಲ್ಕು ಸಲ ಬರಿಗೈಯಲ್ಲಿ ಸವರುವುದು. ಕೂಸು ಆ ಕೈಯನ್ನು ಮೂಸಿ ನೋಡಿ, ಗದ್ದವನ್ನು ಅವರ ತೊಡೆಯ ಮೇಲಿಟ್ಟಳು.

"ಇಷ್ಟು ಮೆತ್ತಗಿದ್ಯಲ್ಲೇ ಕೂಸೇ, ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?" ಅನ್ನುತ್ತಿದ್ದರು ಅತ್ತೆ.

ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಮತ್ತೆ ಬಂದು ನೋಡಿದರೆ ಒಂದು ಗೇಣು ಹೆಣೆಯಲು ಬೇಕಾಗುವಷ್ಟು ಕೂದಲು ಪಕ್ಕದಲ್ಲಿ ಬಿದ್ದಿತ್ತು. ಆದರೂ ಅವರು ಏಳಲಿಲ್ಲ. ಅವತ್ತು ನಮ್ಮ ಮನೆಯ ದೇವರಿಗೆ ದೀಪ ಹಚ್ಚುವಾಗ ಗಂಟೆ ಹನ್ನೊಂದಾಗಿತ್ತು.