ಕಿವಿಯಣ್ಣನಿಗೆ ಕೇಳಿಸಿದ್ದು

ನೀರು ಸರಬರಾಜು ಇಲಾಖೆಯಲ್ಲಿ ಅವನ ಹುದ್ದೆಗೊಂದು ಹೆಸರಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಗೆ ಬರಲಿಲ್ಲ. ಊರಿಗೆಲ್ಲ ಅವನು ಕಿವಿಯಣ್ಣ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು ಅವನ ಕೆಲಸ. ಎದೆಮಟ್ಟದ ಕಬ್ಬಿಣದ ಸಲಾಕೆ, ಅದರ ತಲೆಗೆ ಬಟ್ಟಲಿನ ಹಾಗೆ ಕಡೆದ ಮರದ ಹಿಡಿ. ಸಲಾಕೆಯ ಮೊನೆಯನ್ನು ನೆಲಕ್ಕೆ ಊರಿ, ಬಟ್ಟಲಿಗೆ ಕಿವಿ ಹಚ್ಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಒಡೆದ ಪೈಪು ಸುಯ್ ಎನ್ನುತ್ತದೆ. ಬಿರುಕು ಸಣ್ಣದಾದಷ್ಟೂ ದನಿ ಕೀರಲು. ಗಾಡಿಗಳ ಗದ್ದಲ ಶುರುವಾಗುವ ಮುಂಚೆ ಬೀದಿಯಲ್ಲಿ ಹೀಗೆ ಬಗ್ಗಿ ನಿಂತವನನ್ನು ಕಂಡು ಹೊಸಬರು ಗಾಬರಿ ಬೀಳುತ್ತಿದ್ದರು. ಹಳಬರು ಮಾತ್ರ, "ಏನಂತೆ ಪಾತಾಳದ ಸುದ್ದಿ?" ಎಂದು ಹಾಲಿನ ಪಾತ್ರೆ ಹಿಡಿದು ದಾಟಿಕೊಂಡು ಹೋಗುತ್ತಿದ್ದರು.

"ಬೇರೆಯವರ ಮನೇಲಿ ಗೋಡೆಗೆ ಕಿವಿ. ನಮ್ಮನೇಲಿ ಕಿವಿಗೇ ಗೋಡೆ. ನಾನು ಹೇಳಿದ್ದು ಒಂದೂ ಒಳಗೆ ಹೋಗಲ್ಲ," ಎನ್ನುತ್ತಿದ್ದಳು ಹೆಂಡತಿ.

ಕೆಳಬೀದಿಯಲ್ಲಿ ಅವನ ಅಕ್ಕನ ಮನೆ. ಭಾವ ಹೋದ ಮೇಲೆ ಅಕ್ಕ ಕೆಳಗಿನ ಮುಂಗೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು, ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದಳು. ಅಲ್ಲಿದ್ದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸಿ ನಿವೃತ್ತರಾದ ಒಂಟಿ ಜೀವ. ಮಂಚವೊಂದನ್ನು ಬಿಟ್ಟು ಕೋಣೆಯ ತುಂಬ ಪುಸ್ತಕ. ಮಂಚದ ಮೇಲೂ ಅರ್ಧ ಪುಸ್ತಕವೇ. ಕಿವಿಯಣ್ಣ ಸಂಜೆ ಅಕ್ಕನ ಕೈಯ ಚಹಾ ಕುಡಿದು, ಮೇಷ್ಟ್ರ ಲೋಟವನ್ನೂ ಹಿಡಿದು ಮೆಟ್ಟಿಲು ಹತ್ತಿದನೆಂದರೆ ಹೊತ್ತು ಹೋದದ್ದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಇಂಥದೇ ಮಾತು ಎಂದಿಲ್ಲ. ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟುವಾಗ ಆ ನಕ್ಷತ್ರ ಇದ್ದರೂ ಇರಬಹುದು, ಆರಿದ್ದರೂ ಆರಿರಬಹುದು ಎಂಬಲ್ಲಿಂದ ಹೊರಟರೆ, ಸತ್ತ ರಾಜರ ಆಜ್ಞೆಗಳು ಇನ್ನೂ ನಮ್ಮ ಜಮೀನಿನ ಗಡಿಯಲ್ಲಿ ಉಸಿರಾಡುತ್ತಿವೆ ಎಂಬಲ್ಲಿಗೆ ಬಂದು ನಿಲ್ಲುವುದು.

"ನಮ್ಮ ಮಾತು ನೋಡು," ಎಂದಿದ್ದರು ಒಮ್ಮೆ ಮೇಷ್ಟ್ರು. "ಕಿವಿಯಿಂದ ಕೇಳೋದಕ್ಕೂ ಕೇಳು ಅಂತೀವಿ, ಬಾಯಿಂದ ಪ್ರಶ್ನೆ ಕೇಳೋದಕ್ಕೂ ಕೇಳು ಅಂತೀವಿ. ನೀನು ಆ ಸಲಾಕೆ ಹಿಡಿದು ಎರಡನ್ನೂ ಒಟ್ಟಿಗೆ ಮಾಡ್ತೀಯ."

"ನಾನು ಕೇಳ್ತೀನಿ ಸರಿ ಮೇಷ್ಟ್ರೇ. ನೆಲ ಉತ್ತರ ಕೊಡ್ತಾ ಇದೆಯೋ ತನ್ನಷ್ಟಕ್ಕೆ ಗೊಣಗ್ತಾ ಇದೆಯೋ ಹೇಗೆ ಗೊತ್ತಾಗೋದು?"

ಮೇಷ್ಟ್ರಿಗೆ ಆ ಮಾತು ಬಲು ಹಿಡಿಸಿತ್ತು.

ಕೆಳಬೀದಿಯ ನಲ್ಲಿಗಳಲ್ಲಿ ನೀರು ಸಣ್ಣಗಾಗಿದೆ ಎಂದು ದೂರು ಬಂದು, ಕಿವಿಯಣ್ಣ ಒಂದು ಮುಂಜಾನೆ ಅಕ್ಕನ ಮನೆಯ ಮುಂದೆಯೇ ಸಲಾಕೆ ಊರಿದ. ಸುಯ್ ಎನ್ನುವ ಸದ್ದು ಸಿಕ್ಕಿತು, ಗುರುತೂ ಹಾಕಿದ. ಆದರೆ ಅದರ ಕೆಳಗೆ ಇನ್ನೊಂದು ಸದ್ದಿತ್ತು. ಯಾರೋ ಚೀಲದ ಬಾಯಿ ಸ್ವಲ್ಪವೇ ಬಿಚ್ಚಿ ಕಾಳು ಸುರಿಯುತ್ತಿರುವ ಹಾಗೆ. ಸರ ಸರ ಸರ. ನಿಲ್ಲುತ್ತಿರಲಿಲ್ಲ, ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಬೀದಿಯ ಆ ತುದಿಗೆ ಹೋಗಿ ಊರಿದ. ಅಲ್ಲೂ ಅದೇ. ಇಷ್ಟು ವರ್ಷದ ಕೆಲಸದಲ್ಲಿ ಕೇಳದ ಸದ್ದು.

ಇಲಾಖೆಯ ಎಂಜಿನಿಯರಮ್ಮ ಅವನ ಮಾತನ್ನು ತಳ್ಳಿಹಾಕುವವಳಲ್ಲ. ಅವತ್ತೇ ಸದ್ದು ಪತ್ತೆಹಚ್ಚುವ ಹೊಸ ಯಂತ್ರ ಹಿಡಿದು ಬಂದಳು. ಸೋರಿಕೆ ಅವನು ಗುರುತಿಸಿದಲ್ಲೇ ಸಿಕ್ಕಿತು, ರಿಪೇರಿ ಆಯಿತು. ಆ ಇನ್ನೊಂದು ಸದ್ದು ಮಾತ್ರ ಯಂತ್ರಕ್ಕೆ ಸಿಗಲಿಲ್ಲ. ಅವಳು ಮತ್ತೆ ಮತ್ತೆ ಇಟ್ಟು ನೋಡಿದಳು.

"ನಿಮ್ಮ ಕಿವಿ ಮೇಲೆ ನನಗೆ ನಂಬಿಕೆ ಇದೆ," ಎಂದಳು. "ಆದ್ರೆ ನಿಮಗೊಬ್ಬರಿಗೇ ಕೇಳೋ ಸದ್ದನ್ನ ಹಿಡ್ಕೊಂಡು ಬೀದಿ ಅಗೆಸೋಕೆ ಮೇಲಿನವರು ಒಪ್ಪಲ್ಲ. ಇನ್ನೊಂದು ಆಧಾರ ತಂದುಕೊಡಿ."

ಅವನು ಮಹಡಿ ಹತ್ತಿದ. ವಿಷಯ ಕೇಳಿ ಮೇಷ್ಟ್ರು ಮಂಚದಿಂದ ಎದ್ದರು. ಆಮೇಲೆ ಕಿಟಕಿಯಾಚೆ ಕಾಣುವ ಹಳೆಯ ಕಚೇರಿ, ಶಾಲೆ, ಗಡಿಯಾರದ ಗೋಪುರಗಳತ್ತ ಕೈತೋರಿಸಿದರು.

"ಅವಕ್ಕೆಲ್ಲ ಇಟ್ಟಿಗೆ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚಿಸಿದ್ದೀಯಾ? ಇಲ್ಲಿಂದಲೇ. ಕೆಳಬೀದಿ ಅಂತ ಬೀದಿ ಆಗೋಕೆ ಮುಂಚೆ ಇಲ್ಲಿ ಜೇಡಿಮಣ್ಣು ತೆಗೀತಿದ್ರು. ಮೇಲಿನ ಮಣ್ಣು ಕೆಟ್ಟದ್ದು, ಒಳ್ಳೇದು ಆಳದಲ್ಲಿ. ಅದಕ್ಕೆ ಬಿಲ ತೋಡಿದ ಹಾಗೆ ಒಳಗೊಳಗೇ ತೋಡಿಕೊಂಡು ಹೋದ್ರು. ಆಮೇಲೆ ಬಿಲದ ಬಾಯಿ ಮುಚ್ಚಿ, ಮೇಲೆ ಮನೆ ಕಟ್ಟಿದ್ರು. ಈ ಊರು ತನ್ನ ಕಾಲ ಕೆಳಗಿನದನ್ನ ತೆಗೆದು ತಲೆ ಮೇಲೆ ಹೊತ್ತುಕೊಂಡಿದೆ, ನೋಡು."

"ಇದು ಯಾರಿಗೂ ಗೊತ್ತಿಲ್ವಾ?"

"ಗೊತ್ತಿದ್ದವರು ಸತ್ರು. ಹಿಂದೆ ಅಂದ್ರೆ ಬೆನ್ನ ಹಿಂದೆ ಅಂದ್ಕೋತೀವಿ. ಅದು ಬೆನ್ನ ಹಿಂದೆ ಇರಲ್ಲ ಕಣಯ್ಯ, ಕಾಲ ಕೆಳಗಿರುತ್ತೆ."

ಇದನ್ನು ಎಂಜಿನಿಯರಮ್ಮನಿಗೆ ಹೇಳಿದಾಗ ಅವಳ ಮುಖ ಗಂಭೀರವಾಯಿತು. ಕೊಳವೆ ಕೊರೆಸಿ ನೋಡಲು ಅನುಮತಿ ಕೇಳುವುದಾಗಿ ಹೇಳಿದಳು. ಕೇಳಿಯೂ ಕೇಳಿದಳು. ಉತ್ತರ ಬರುವುದು ತಡವಾಗುತ್ತದೆ ಎಂದೂ ಅವಳಿಗೆ ಗೊತ್ತಿತ್ತು.

ಕಿವಿಯಣ್ಣ ಕಾಯಲಿಲ್ಲ. "ಅಕ್ಕ, ನಮ್ಮನೆಗೆ ಬಂದ್ಬಿಡು," ಎಂದ.

"ನೆಲ ಮಾತಾಡ್ತು ಅಂತ ಮನೆ ಬಿಡೋದಾ? ಗಿರಾಕಿಗಳಿಗೆ ಏನು ಹೇಳಲಿ?" ಎಂದು ಅಕ್ಕ ನಕ್ಕಳು. ತಮ್ಮನ ಮುಖ ನೋಡಿ ನಗು ಅಲ್ಲೇ ನಿಂತಿತು. ಅವನು ಸುಳ್ಳು ಹೆದರಿಕೆ ಹುಟ್ಟಿಸುವವನಲ್ಲ. ಮರುದಿನವೇ ಟ್ರಂಕು ತುಂಬತೊಡಗಿದಳು. ಮೇಷ್ಟ್ರೂ ಪುಸ್ತಕಗಳನ್ನು ಕಟ್ಟು ಕಟ್ಟಿದರು. ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಕೋಣೆಯೂ ಗೊತ್ತಾಯಿತು. ಬೀದಿಯಲ್ಲಿ ಗುಸುಗುಸು ಎದ್ದಿತು. ಎದುರುಮನೆಯವರು ಮಗುವನ್ನು ಅಂಗಳದಲ್ಲಿ ಆಡಲು ಬಿಡುವುದು ನಿಲ್ಲಿಸಿದರು.

ಆ ವಾರದ ರಜೆಯ ದಿನ ಊಟ ಮುಗಿಸಿ ಕಿವಿಯಣ್ಣ ತನ್ನ ಮನೆಯಲ್ಲಿ ಅಡ್ಡಾದ. ಮಕ್ಕಳು ಹೊರಗೆ ಹೋಗಿದ್ದರು, ಹೆಂಡತಿಗೆ ಜೊಂಪು ಹತ್ತಿತ್ತು. ಎಡಗಿವಿಯನ್ನು ದಿಂಬಿಗೊತ್ತಿ ಮಲಗಿದವನಿಗೆ ಕೇಳಿಸಿತು: ಸರ ಸರ ಸರ.

ಎದ್ದು ಕೂತ. ಇಲ್ಲೂ ಟೊಳ್ಳೇ? ಮಕ್ಕಳು ಹುಟ್ಟಿ ಬೆಳೆದ ಮನೆ. ಚಪ್ಪಲಿ ಮೆಟ್ಟಿ, ಸಲಾಕೆ ಎತ್ತಿಕೊಂಡು ಹೊರಟೇಬಿಟ್ಟ. ಊರ ಹೊರಗೆ ಕಲ್ಲುಬಂಡೆಯ ಗುಡ್ಡವಿದೆ. ಅದರ ಅಡಿಯಲ್ಲಿ ಯಾರೂ ಏನನ್ನೂ ತೋಡಿರಲು ಸಾಧ್ಯವಿಲ್ಲ. ಭೂಮಿ ಬಿಸಿಯಾಗಿದ್ದಾಗಿನ ಕಲ್ಲು ಅದು ಎಂದು ಮೇಷ್ಟ್ರೇ ಹೇಳಿದ್ದರು. ಬಂಡೆಯ ಮೇಲೆ ಸಲಾಕೆ ಊರಿ ಕಿವಿ ಹಚ್ಚಿದ.

ಅಲ್ಲೂ ಕಾಳು ಸುರಿಯುತ್ತಿತ್ತು.

ಸಲಾಕೆಯನ್ನು ಮೆಲ್ಲಗೆ ಮೇಲೆತ್ತಿದ. ಸದ್ದು ನಿಲ್ಲಲಿಲ್ಲ. ಸಲಾಕೆಯನ್ನು ಬಂಡೆಯ ಮೇಲೆ ಮಲಗಿಸಿ, ದೂರ ನಡೆದು, ಬಯಲು ಗಾಳಿಯಲ್ಲಿ ಬರಿಗೈಯಲ್ಲಿ ನಿಂತ. ನಿಲ್ಲಲಿಲ್ಲ. ಬಹಳ ಹೊತ್ತು ಹಾಗೇ ನಿಂತಿದ್ದ.

ಕಿವಿಯ ಡಾಕ್ಟರು ಅವನನ್ನು ಹೊರಗಿನ ಸದ್ದು ಬಾರದ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಎಡಗಿವಿ ಅರ್ಧಕ್ಕರ್ಧ ಹೋಗಿತ್ತು.

"ಸಣ್ಣ ಸದ್ದುಗಳು ಒಳಗೆ ಬರೋದು ನಿಂತಾಗ ಮಿದುಳು ಆ ಜಾಗವನ್ನ ಖಾಲಿ ಬಿಡಲ್ಲ. ತಾನೇ ಏನೋ ಒಂದು ತುಂಬಿಕೊಳ್ಳುತ್ತೆ," ಎಂದರು. "ಕೆಲವರಿಗೆ ಗಂಟೆ, ಕೆಲವರಿಗೆ ಜೀರುಂಡೆ. ನಿಮಗೆ ಕಾಳು."

"ಹಂಗಾದ್ರೆ ಹೊರಗೆ ಏನೂ ಇಲ್ವಾ?"

"ಹೊರಗೆ ಇದೆಯೋ ಇಲ್ಲವೋ ನಾನು ಹೇಳಲಾರೆ. ನಿಮಗೆ ಕೇಳ್ತಿರೋದು ಮಾತ್ರ ಹೊರಗಿನದಲ್ಲ."

ಮರ್ಯಾದೆ ಹೋಗುತ್ತದೆಂದು ಬಾಯಿ ಮುಚ್ಚಿಕೊಳ್ಳುವ ಜಾಯಮಾನ ಅವನದಲ್ಲ. ಆಸ್ಪತ್ರೆಯಿಂದ ನೇರ ಕೆಳಬೀದಿಗೆ ಹೋದ. ಅಕ್ಕ ಮಷೀನಿಗೆ ಗೋಣಿಬಟ್ಟೆ ಸುತ್ತುತ್ತಿದ್ದಳು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತಿದ್ದರು. ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದ.

ಅಕ್ಕ ದೊಡ್ಡ ಉಸಿರು ಬಿಟ್ಟು ಗೋಣಿಬಟ್ಟೆ ಬಿಚ್ಚಿದಳು. "ಒಳ್ಳೇದೇ ಆಯ್ತು ಬಿಡು. ನೆಲಕ್ಕೆ ರೋಗ ಅನ್ನೋದಕ್ಕಿಂತ ಕಿವಿಗೆ ರೋಗ ಅನ್ನೋದು ವಾಸಿ," ಎಂದವಳು, ತಮ್ಮನ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಕಿವಿಯಣ್ಣ ಮೇಷ್ಟ್ರ ಕಡೆ ತಿರುಗಿದ. "ನಿಮ್ಮ ಜೇಡಿಮಣ್ಣಿನ ಗುಂಡಿ ಇದ್ದೇ ಇದೆಯಲ್ಲ ಮೇಷ್ಟ್ರೇ. ನನ್ನ ಕಾರಣ ಬಿದ್ದುಹೋಯ್ತು. ನಿಮ್ಮದು ಬಿದ್ದಿಲ್ಲ."

ಮೇಷ್ಟ್ರು ನಕ್ಕರು. "ಅದು ನಾನು ಈ ಮನೆಗೆ ಬಂದಾಗಲೂ ಇತ್ತು. ಗೊತ್ತಿದ್ದೇ ಬಂದು ಮಲಗಿದೆ, ಇಷ್ಟು ವರ್ಷ ಎದ್ದೆ. ಚರಿತ್ರೆ ಕೇಳಿ ಮನೆ ಖಾಲಿ ಮಾಡಿದವರನ್ನ ನಾನಂತೂ ಕಂಡಿಲ್ಲ. ನನ್ನ ಎಬ್ಬಿಸಿದ್ದು ನಿನ್ನ ಸದ್ದು. ಅದೇ ಇಲ್ಲ ಅಂದ ಮೇಲೆ ಈ ಮೊಣಕಾಲು ಹಿಡ್ಕೊಂಡು ಇನ್ನೊಬ್ಬರ ಮನೆಗೆ ಯಾಕೆ ಹೋಗಲಿ?"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕೊರೆಸೋ ತನಕ ಆದ್ರೂ..."

"ಕೊರೆಸಲಿ. ಟೊಳ್ಳು ಅಂದ್ರೆ ಅವತ್ತು ಹೋದ್ರಾಯ್ತು."

ಕಿವಿಯಣ್ಣನಿಗೆ ಒತ್ತಾಯ ಮಾಡಲು ಬಾಯಿ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ? ಅವನೇ ಕೈಯಾರೆ ಪುಸ್ತಕದ ಕಟ್ಟುಗಳನ್ನು ಬಿಚ್ಚಿ, ಮಹಡಿಯ ಕಪಾಟಿಗೆ ಮರಳಿ ಜೋಡಿಸಿದ. ಭಾರವಾದವು ಮೇಲಿನ ಹಲಗೆಗೆ ಹೋಗಬೇಕೆಂದು ಮೇಷ್ಟ್ರು ಮಂಚದ ಮೇಲೆ ಕೂತು ಹೇಳುತ್ತಿದ್ದರು. ಅವತ್ತೂ ಚಹಾ ಆಯಿತು. ಇಲ್ಲದ ಸದ್ದನ್ನು ಮಿದುಳು ಹುಟ್ಟಿಸುವುದಾದರೆ ಇರುವ ಸದ್ದನ್ನೂ ಹುಟ್ಟಿಸುವುದು ಅದೇ ಅಲ್ಲವೇ ಎಂದು ಮಾತು ಎಲ್ಲಿಂದೆಲ್ಲಿಗೋ ಬೆಳೆಯಿತು.

ಆಮೇಲೆ ಹೆಚ್ಚು ದಿನವಾಗಿರಲಿಲ್ಲ. ಬೆಳಗಿನ ತಿಂಡಿಯ ಹೊತ್ತು ಮುಗಿದು, ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋಗಿದ್ದರು. ಅಕ್ಕ ಹೊಲಿದ ಬಟ್ಟೆ ಕೊಡಲು ಮೇಲಿನ ಬೀದಿಗೆ ಹೋಗಿದ್ದಳು. ಕಿವಿಯಣ್ಣ ಕಚೇರಿಯಲ್ಲಿ ಬೆಂಚಿನ ಮೇಲೆ ಕೂತು ಕವಾಟದ ತಿರುಪಿಗೆ ಎಣ್ಣೆ ಹಾಕುತ್ತಿದ್ದ. ದೂರದಲ್ಲಿ ಲಾರಿ ಜಲ್ಲಿ ಸುರಿದಂಥ ಸದ್ದಾಯಿತು. ಕಿವಿಯೊಳಗಿನ ಕಾಳಿನ ಸದ್ದಿನಲ್ಲಿ ಅವನಿಗೆ ಅದು ಕೇಳಿಸಲೇ ಇಲ್ಲ. ಪಕ್ಕದವನು ತಲೆ ಎತ್ತಿದ್ದರಿಂದ ತಾನೂ ಎತ್ತಿದ.

ಕೆಳಬೀದಿಯ ನಡುವೆ ನೆಲ ಬಾಯಿ ಬಿಟ್ಟಿತ್ತು. ಅಕ್ಕನ ಮನೆಯ ಮುಂಭಾಗ, ಹೊಲಿಗೆಯ ಕೋಣೆ, ಅದರ ಮೇಲಿನ ಮಹಡಿ ಎಲ್ಲ ಒಳಗೆ ಹೋಗಿ, ಹಿಂದಿನ ಅಡುಗೆಮನೆ ಮಾತ್ರ ತಟ್ಟೆಗಳ ಸಮೇತ ನಿಂತಿತ್ತು. ಎದುರುಮನೆಯವರ ಜಗಲಿಯೂ ಹೋಗಿತ್ತು. ಮಗು ಒಳಗಿದ್ದು ಉಳಿಯಿತು. ಮೇಷ್ಟ್ರನ್ನು ಮೇಲೆ ತಂದಾಗ ಹೊತ್ತು ಇಳಿದಿತ್ತು. ಅವರ ಮೈಮೇಲೆ ಕಪಾಟು ಬಿದ್ದಿತ್ತು.

ಜನ ಕಿವಿಯಣ್ಣನಿಗೆ ಕೈಮುಗಿದರು. "ಮೊದಲೇ ಹೇಳಿದ್ದ ಕಣ್ರೀ," ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅವನು ಬಿಡಿಸಿ ಹೇಳಿದ: ನನಗೆ ಕೇಳಿಸಿದ್ದು ನೆಲದ ಸದ್ದಲ್ಲ, ಡಾಕ್ಟರು ತೋರಿಸಿಕೊಟ್ಟಿದ್ದಾರೆ, ಮೇಷ್ಟ್ರು ಆ ಮನೆಯಲ್ಲೇ ಇರುವ ಹಾಗೆ ಮಾಡಿದವನೂ ನಾನೇ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದುಃಖದಲ್ಲಿ ಏನೋ ಹೇಳುತ್ತಾನೆ ಎಂದರು. ಡಾಕ್ಟರನ್ನೇ ಬೈದರು. ಮರುದಿನದಿಂದ ಮನೆ ಬಾಗಿಲಿಗೆ ಬರತೊಡಗಿದರು: "ನಮ್ಮ ಮನೆ ಹತ್ರ ಒಂದ್ಸಲ ಕೇಳಿ ಹೇಳಣ್ಣ." ಹೋಗದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದು ಹೆದರುತ್ತಿದ್ದರು. ಹೋಗಿ ಸಲಾಕೆ ಊರಿದರೆ ಎಲ್ಲ ಮನೆಯಲ್ಲೂ ಅದೇ, ಕಾಳು ಸುರಿಯುವುದು.

ಅವನ ಮಾತನ್ನು ಪೂರ್ತಿ ಕೇಳಿದವಳು ಎಂಜಿನಿಯರಮ್ಮ ಒಬ್ಬಳೇ.

"ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು. ಅಷ್ಟೇ ಮೇಡಂ," ಎಂದ. "ನಾನು ಹೇಳಿದ್ದು ನಿಜ ಆಯ್ತು. ಆದ್ರೆ ನನಗೆ ಗೊತ್ತಿತ್ತು ಅಂತ ಹೇಳೋ ಹಾಗಿಲ್ಲ. ಸುಳ್ಳನ್ನ ನಂಬಿಕೊಂಡಿದ್ದಿದ್ರೆ ಮೇಷ್ಟ್ರು ಉಳೀತಿದ್ರು. ನಿಜ ಗೊತ್ತಾಗಿ ಹೋಗಿ ಹೇಳಿದೆ, ಸತ್ರು."

"ನಿಮ್ಮ ಕಿವಿ ತಪ್ಪು, ಮಾತು ಸರಿ," ಎಂದಳು ಅವಳು. "ನನ್ನ ಮಷೀನು ಸರಿ, ಏನೂ ಇಲ್ಲ ಅನ್ನೋ ಅದರ ಮಾತು ತಪ್ಪು. ಗುಂಡಿ ಇತ್ತು ಅಂತ ಹೇಳಿದವರು ಮೇಷ್ಟ್ರು. ನಾವಿಬ್ಬರೂ ಅದನ್ನ ನಿಮ್ಮ ಸದ್ದಿನ ಮುಂದೆ ಎರಡನೇ ಮಾತು ಅಂದ್ಕೊಂಡ್ವಿ."

ಕೊರೆಯುವ ಅನುಮತಿ ಈಗ ಕೂಡಲೇ ಬಂತು. ಯಂತ್ರದ ಗಾಡಿ ಕೆಳಬೀದಿಯಿಂದ ಶುರುಮಾಡಿ ಒಂದೊಂದೇ ಬೀದಿ ದಾಟುತ್ತ ಊರಿನ ಒಳಕ್ಕೆ ಬಂತು. ತೋಡಿದವರು ಬೀದಿ ನೋಡಿಕೊಂಡು ತೋಡಿರಲಿಲ್ಲ. ಕೆಲವೆಡೆ ಕೊರೆಯುವ ಕಂಬಿ ಗರಗರ ತಿರುಗುತ್ತ ಗಟ್ಟಿ ನೆಲ ಮುಟ್ಟುತ್ತಿತ್ತು. ಜನ ಎದೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋಗುತ್ತಿದ್ದರು. ಕೆಲವೆಡೆ ಹಾಗಾಗುತ್ತಿರಲಿಲ್ಲ. ಅಕ್ಕ ಈಗ ತಮ್ಮನ ಮನೆಯಲ್ಲಿದ್ದಳು. ಕೂತಲ್ಲಿ ಕೂರುತ್ತಿರಲಿಲ್ಲ. ನಡೆಯುವಾಗ ಹೆಜ್ಜೆಯ ಸದ್ದಾಗದಂತೆ ಇಡುತ್ತಿದ್ದಳು. ಅವಳ ಮುಂದೆ ಮೇಷ್ಟ್ರ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವಳೂ ತಮ್ಮನಿಗೆ ಒಂದು ಮಾತು ಆಡಿರಲಿಲ್ಲ. ಅದೇ ಅವನಿಗೆ ಹೆಚ್ಚು ಭಾರವಾಗಿತ್ತು.

ಗಾಡಿ ಅವನ ಬೀದಿಗೂ ಬಂತು. ನೆರೆಹೊರೆಯವರೆಲ್ಲ ಯಂತ್ರವನ್ನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. ಅವನು ಸಲಾಕೆ ತಂದಿರಲಿಲ್ಲ. ಬರಿಗೈಯಲ್ಲಿ, ಎಲ್ಲರ ಹಾಗೆ ನಿಂತಿದ್ದ. ಕಂಬಿ ತಿರುಗುತ್ತ ಇಳಿಯಿತು, ಇನ್ನೂ ಇಳಿಯಿತು. ಆಮೇಲೆ ತಿರುಗದೆಯೇ, ಕೈಬಿಟ್ಟ ಹಗ್ಗದ ಹಾಗೆ, ಸರ್ರನೆ ಕೆಳಗೆ ಹೋಯಿತು. ಕೆಲಸದವರ ಮೇಸ್ತ್ರಿ ಯಂತ್ರ ನಿಲ್ಲಿಸಿದ. ಅದನ್ನು ಮೇಲೆಳೆಯಲು ಹೋಗಲಿಲ್ಲ. ಸುತ್ತ ನಿಂತವರನ್ನು ಮೆಲ್ಲನೆ ಹಿಂದೆ ಸರಿಯಲು ಸನ್ನೆ ಮಾಡಿ, ಸಣ್ಣ ದನಿಯಲ್ಲಿ ಕೇಳಿದ:

"ಈ ಸಾಲಿನಲ್ಲಿ ಮನೆಯೊಳಗೆ ಯಾರ್ಯಾರಿದ್ದಾರೆ?"

ಕಿವಿಯಣ್ಣ ಆಗಲೇ ತನ್ನ ಬಾಗಿಲ ಕಡೆ ನಡೆಯುತ್ತಿದ್ದ. ಓಡಬಾರದು ಎಂದು ಅವನಿಗೆ ತೋರಿತು. ಕಿಟಕಿಯಲ್ಲಿ ಅಕ್ಕ ಕಾಣಿಸುತ್ತಿದ್ದಳು, ನೂಲು ಪೋಣಿಸಲು ಸೂಜಿಯನ್ನು ಬೆಳಕಿಗೆ ಹಿಡಿದಿದ್ದಳು.