ಆಯಿಯ ಕೋಣೆಯಲ್ಲಿ ಸ್ಟುಡಿಯೋ ವೈನಿ

ಮಳೆಗಾಲ ಹತ್ತಿರ ಬಂತೆಂದರೆ ನನಗೆ ಫೋಟೋ ಆಲ್ಬಮ್ಮುಗಳ ಚಿಂತೆ ಶುರು. ನಮ್ಮ ನರೇಗಲ್ಲಿನಲ್ಲಿ ಮಳೆ ಬೀಳುವುದೇ ಅಪರೂಪ. ಆದರೂ ಬೂಷ್ಟು ಹಿಡಿದೀತು, ಹುಳ ತಿಂದೀತು ಎಂದು ಎಲ್ಲವನ್ನೂ ಬಿಸಿಲಿಗೆ ಇಡುತ್ತೇನೆ. ಬಿಸಿಲಿಗೆ ಬಣ್ಣ ಹೋದೀತೆಂದು ಹೆದರಿ ಮತ್ತೆ ಒಳಗೆ ತರುತ್ತೇನೆ. ಹೆಂಡತಿ ಇದನ್ನು ನೋಡಿ ನಗುವುದನ್ನೂ ಬಿಟ್ಟಿದ್ದಾಳೆ. ಈ ಸಲ ಹಾಗೆ ಒಳಗೆ ಹೊರಗೆ ಓಡಾಡುವಾಗ ನಮ್ಮ ಮದುವೆಯ ಆಲ್ಬಮ್ಮಿನಿಂದ ಬೆಣ್ಣೆಕಾಗದದ ಮಡಿಕೆಯೊಂದು ಜಾರಿ ಬಿತ್ತು. ಬಿಡಿಸಿದರೆ ಅಂಚೆಚೀಟಿಯಷ್ಟು ಅಗಲದ, ಗುಲಾಬಿ ಬಣ್ಣದ ತೆಳು ಹಾಳೆ. ಅದರ ನಡುವೆ ಹೆಬ್ಬೆರಳಿನ ಎಣ್ಣೆ ಗುರುತು... ಅಪ್ಪನ ತಮ್ಮ, ನಮ್ಮ ಕಾಕಾನ ಹೆಬ್ಬೆರಳು.

ಅದನ್ನು ಅಲ್ಲಿ ಇಟ್ಟವರು ಸ್ಟುಡಿಯೋ ವೈನಿ.

ಗಜೇಂದ್ರಗಡದ ಒಂದು ಓಣಿಯಲ್ಲಿ ಅವರ ಸ್ಟುಡಿಯೋ ಇತ್ತು. ಗಂಡ ದುಡ್ಡಿನ ಗಲ್ಲೆಯ ಮುಂದೆ ಕೂರುತ್ತಿದ್ದರು, ಕ್ಯಾಮೆರಾ ವೈನಿಯದು. ಊರಿಗೆಲ್ಲ ಅವರು ವೈನಿಯೇ, ಅಂದರೆ ಅತ್ತಿಗೆಯೇ, ಅವರಿಗಿಂತ ದೊಡ್ಡವರಿಗೂ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದೆ ನೋಡದೆ ಹಿಂದಕ್ಕೆ ನಡೆಯುತ್ತ, ಎದುರಿಗೆ ನಿಂತವರು ಎಂಥ ದೊಡ್ಡ ಮನುಷ್ಯರಾದರೂ "ಸಾಹೇಬ್ರ, ಹೊಟ್ಟಿ ಒಳಗ ತಗೋರಿ" ಎನ್ನುವ ಹೆಂಗಸು. ಯಾರೂ ಸಿಟ್ಟಾದದ್ದನ್ನು ನಾನು ಕಾಣೆ. ಹೊಟ್ಟೆಗಳು ಒಳಗೆ ಹೋಗುತ್ತಿದ್ದವು.

ನನ್ನ ಮದುವೆಯ ಹೊತ್ತಿಗೆ ಅಪ್ಪ ಮತ್ತು ಕಾಕಾ ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪನನ್ನು ಕೇಳದೆ ಮನೆಯ ಎತ್ತು ಮಾರಿದ್ದು ಕಾಕಾನ ತಪ್ಪು. ಅದನ್ನು ಊರ ಮುಂದೆ ಆಡಿದ್ದು ಅಪ್ಪನ ತಪ್ಪು. ಒಂದೇ ಅಂಗಳ, ಎರಡು ಬಾಗಿಲು. ಏನಾದರೂ ಹೇಳಬೇಕಾದರೆ "ಅವರಿಗೆ ಹೇಳು" ಎಂದು ನನ್ನನ್ನು ಕಳಿಸುತ್ತಿದ್ದರು. ಹಾರ ಹಾಕಿಕೊಂಡು ಮದುಮಗನಾಗಿ ನಿಂತಾಗಲೂ ಸಾರಿನ ಪಾತ್ರೆಯ ವಿಷಯ ಇವರಿಂದ ಅವರಿಗೆ ಮುಟ್ಟಿಸಿದ್ದು ನಾನೇ.

ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಆಗ ಹಾಸಿಗೆ ಹಿಡಿದಿದ್ದಳು. ಇನ್ನು ಬಹಳ ದಿನ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಅವಳು ಕೇಳಿದ್ದು ಒಂದೇ: ಇಬ್ಬರು ಮಕ್ಕಳೂ ತನ್ನ ಜೊತೆ ಒಂದು ಫೋಟೋದಲ್ಲಿ ಕೂರಬೇಕು. ಅವಳ ಮಾತಿಗೆ ಇಬ್ಬರೂ ಬೇರೆ ಬೇರೆಯಾಗಿ ಒಪ್ಪಿದ್ದರು. ಯಾರಾದರೂ ಒಬ್ಬರು ಕೊನೆ ಗಳಿಗೆಯಲ್ಲಿ ಎದ್ದು ಹೋದರೆ? ಅಕ್ಷತೆ ಬೀಳುವಾಗಲೂ ನಾನು ಯೋಚಿಸುತ್ತಿದ್ದದ್ದು ಅದನ್ನೇ.

ಆಯಿಯ ಕೋಣೆ ಬಹಳ ಇಕ್ಕಟ್ಟು. ಮಂಚ, ಜೋಳದ ಚೀಲಗಳು, ಗೋಡೆಗೊಂದು ಟ್ಯೂಬ್‌ಲೈಟು. ಮದುಮಗನಾದ ನಾನೂ ಸೇರಿ ಅಷ್ಟೂ ಜನ ಒಂದೇ ಫೋಟೋದಲ್ಲಿ ಹಿಡಿಸಬೇಕಾದರೆ ವೈನಿಯ ಅಗಲದ ಲೆನ್ಸೇ ಬೇಕು. ಹಳೆ ಗುಡಿಗಳ ಚಿತ್ರ ತೆಗೆಯಲು ಬಂದಿದ್ದವನೊಬ್ಬನಿಂದ ಅವರು ಕೊಂಡದ್ದು ಅದು. ಅದರ ಗಾಜು ಎತ್ತಿನ ಕಣ್ಣಿನಂತೆ ಮುಂದಕ್ಕೆ ಉಬ್ಬಿತ್ತು. ಟ್ಯೂಬ್‌ಲೈಟಿನ ಬೆಳಕಿಗೆ ಫಿಲ್ಮಿನಲ್ಲಿ ಮುಖಗಳೆಲ್ಲ ಹಸಿರು ಬರುತ್ತಿದ್ದ ಕಾಲ. ಫ್ಲ್ಯಾಶ್ ಹೊಡೆಯೋಣವೆಂದರೆ ಆಯಿಯ ಕಣ್ಣಿನ ಆಪರೇಷನ್ ಆಗಿತ್ತು. ಹಸಿರು ತೆಗೆಯಲು ಗುಲಾಬಿ ಫಿಲ್ಟರ್ ಬೇಕು, ಆದರೆ ಉಬ್ಬಿದ ಗಾಜಿನ ಮುಂದೆ ಅದು ಕೂರುವುದಿಲ್ಲ. ಅದಕ್ಕೆ ವೈನಿ ಅದೇ ಗುಲಾಬಿ ಬಣ್ಣದ ತೆಳು ಜೆಲ್ ಹಾಳೆಯನ್ನು ಎರಡು ಕಾಗದಗಳ ನಡುವೆ ಇಟ್ಟು ಕತ್ತರಿಸಿ, ಲೆನ್ಸನ್ನು ಬಿಚ್ಚಿ, ಅದರ ಹಿಂಭಾಗದ ಸಣ್ಣ ಸಂದಿಯಲ್ಲಿ ಸೇರಿಸುತ್ತಿದ್ದರು. ಬರಿಗೈ ತಾಗುವಂತಿಲ್ಲ, ಉಸಿರು ಸಹ ಬೀಳುವಂತಿಲ್ಲ. ಆ ಕೆಲಸ ಮಾಡುವಾಗ ಅವರ ಬಾಯಿ ಮುಚ್ಚಿರುತ್ತಿತ್ತು. ಬೇರೆ ಯಾವಾಗಲೂ ಇಲ್ಲ.

ಅವತ್ತು ಕತ್ತರಿಸಿದ ತುಂಡನ್ನು ಚೀಲದ ಮೇಲೆ ಕಾಗದದಲ್ಲಿ ಇಟ್ಟು ವೈನಿ ಲೆನ್ಸು ಬಿಚ್ಚತೊಡಗಿದರು. ಕಾಕಾ ಮೆಣಸಿನಕಾಯಿ ಭಜಿ ತಿನ್ನುತ್ತ ಒಳಗೆ ಬಂದ. ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ಇದೇನವಾ, ಪೆಪ್ಪರಮಿಂಟಿನ ಹಾಳಿ ಏನು?"

"ಕಾಕಾರ, ಕೆಳಗ ಇಡ್ರಿ! ಬೆವತ ಕೈ ಸುದ್ದಾ ತಡ್ಯೂದಿಲ್ಲದು, ನೀವು ಭಜಿ ಕೈ ಹಚ್ಚಿದ್ರಿ!"

ಮಂಚದ ಬಳಿ ನಿಂತಿದ್ದ ಅಪ್ಪ ಗೋಡೆಗೆ ಹೇಳುವಂತೆ ಹೇಳಿದ: "ಅಂವನ ಕೈಗೆ ಸಿಕ್ಕದ್ದು ಯಾವುದು ಉಳದೈತಿ ಕೇಳ್ರಿ. ಎತ್ತು ಉಳೀಲಿಲ್ಲ, ಇದು ಉಳೀತೈತಿ?"

ಕಾಕಾ ಬಾಗಿಲ ಕಡೆ ತಿರುಗುತ್ತಾನೆ ಎಂದುಕೊಂಡೆ. ಅವನು ತಿರುಗಿದ್ದು ಅಪ್ಪನ ಕಡೆ.

"ಅಣ್ಣಾ, ಗ್ವಾಡಿಗೆ ಯಾಕ ಹೇಳ್ತಿ? ನನಗ ಹೇಳು. ಆ ಎತ್ತು ಕುಂಟತಿತ್ತೋ ಇಲ್ಲೋ?"

"ಕುಂಟತಿತ್ತು. ಕೇಳಿ ಮಾರಬೇಕಿತ್ತು!"

"ಕೇಳಿದ್ರ ನೀ ಹೂಂ ಅಂತಿದ್ದಿ?"

"ಅಂತಿರಲಿಲ್ಲ!"

"ಮತ್ತ?"

ಇಷ್ಟು ವರ್ಷಗಳಲ್ಲಿ ಅವರು ನೇರವಾಗಿ ಆಡಿದ ಮೊದಲ ಮಾತುಗಳವು. ನಾನು ನಡುವೆ ಹೋಗಲೆಂದು ಹೆಜ್ಜೆ ಎತ್ತಿದೆ. ವೈನಿ ಕಣ್ಣಲ್ಲೇ ನನ್ನನ್ನು ತಡೆದರು. ಉಳಿದ ಹಾಳೆಯಿಂದ ಇನ್ನೊಂದು ತುಂಡು ಕತ್ತರಿಸತೊಡಗಿದರು. ಮೊದಲನೆಯದನ್ನು ಒಂದೇ ಏಟಿಗೆ ಕತ್ತರಿಸಿದ ಕೈ ಈಗ ಅಳೆಯಿತು, ಮತ್ತೆ ಅಳೆಯಿತು, ಕತ್ತರಿಯನ್ನು ಸೆರಗಿನಿಂದ ಒರೆಸಿತು... ಅಣ್ಣ ತಮ್ಮ ಎತ್ತಿನ ಕಾಲಿನಿಂದ ಹಿಡಿದು ಹೊಲದ ಬದುವಿನವರೆಗೆ ಎಲ್ಲವನ್ನೂ ಆಡಿ ಮುಗಿಸುವವರೆಗೆ ಆ ತುಂಡು ತಯಾರಾಗಲಿಲ್ಲ.

ಕೊನೆಗೆ ಆಯಿ ಮಲಗಿದಲ್ಲಿಂದಲೇ ಅಂದಳು: "ಅಂತೂ ಇಬ್ಬರಿಗೂ ಬಾಯಿ ಬಂತಲ್ಲ."

ಆಯಿಯನ್ನು ಎಬ್ಬಿಸಿ ಕೂರಿಸಿ, ಅವಳ ಬೆನ್ನ ಹಿಂದೆ ಅಪ್ಪ, ಕಾಕಾ ಕೂತರು. ನಡುವೆ ಒಂದು ಚೀಲ ಇಡುವಷ್ಟು ಜಾಗ ಬಿಟ್ಟಿದ್ದರು. ಜಗಳವಾಡಿದ್ದು ಬೇರೆ, ಮೈ ತಾಗಿಸಿ ಕೂರುವುದು ಬೇರೆ.

ವೈನಿ ಕ್ಯಾಮೆರಾದಿಂದ ತಲೆ ಎತ್ತಿದರು. "ಈ ಲೆನ್ಸಿನ್ಯಾಗ ಗೇಣು ಅಂದ್ರ ಮಾರು ಕಾಣತೈತ್ರಿ. ನೋಡಿದವರು ಇಬ್ಬರ ನಡುವ ಚಕ್ಕಡಿ ಗಾಡಿ ಹಾಯತೈತಿ ಅಂತಾರ. ಸರಕೋರಿ."

ಸರಿದರು.

"ಇನ್ನೂ ಚಕ್ಕಡಿ ಹಾಯತೈತಿ."

ಮತ್ತೆ ಸರಿದರು. ಭುಜಕ್ಕೆ ಭುಜ ತಾಗಿತು. ಆಯಿ ಹಾಗೇ ಹಿಂದಕ್ಕೆ ಒರಗಿದಳು, ಇಬ್ಬರ ಮೇಲೂ. "ಉಸಿರು ಹಿಡೀರಿ" ಎಂದರು ವೈನಿ.

ಚಿತ್ರದಲ್ಲಿ ಆಯಿಯ ಇಳಕಲ್ ಸೀರೆಯ ಕೆಂಪು ಕೆಂಪಾಗಿಯೇ ಬಂದಿದೆ, ಮೂವರ ಮುಖಗಳೂ ಮನುಷ್ಯರ ಬಣ್ಣದಲ್ಲಿವೆ. ಅಂಚಿನಲ್ಲಿ ನಿಂತ ಮದುಮಗನ ತಲೆ ಮಾತ್ರ ಲೆನ್ಸಿನ ಎಳೆತಕ್ಕೆ ಸಿಕ್ಕಿ ಕುಂಬಳಕಾಯಿಯಾಗಿದೆ. ಅದು ಲೆನ್ಸಿನದೇ ದೋಷವೆಂದು ಹೆಂಡತಿ ಇನ್ನೂ ಪೂರ್ತಿ ನಂಬಿಲ್ಲ. ಆಯಿ ಮುಂದಿನ ಸುಗ್ಗಿಯನ್ನು ಕಾಣಲಿಲ್ಲ. ಅಪ್ಪ, ಕಾಕಾ ಆಮೇಲೆ ಸಾಯುವವರೆಗೂ ಜಗಳವಾಡಿದರು, ನೇರವಾಗಿ, ಒಂದೇ ಕಟ್ಟೆಯ ಮೇಲೆ ಕೂತು. ಕಾಕಾ ಬರುವುದು ತಡವಾದರೆ ಅಪ್ಪ ಚಹಾ ಕುಡಿಯದೆ ಬಾಗಿಲು ನೋಡುತ್ತಿದ್ದ.

ಎಷ್ಟೋ ವರ್ಷಗಳ ನಂತರ ವೈನಿಯನ್ನು ಕೇಳಿದೆ, ಆ ಲೆನ್ಸಿನಲ್ಲಿ ಸಂದಿ ದೊಡ್ಡದಾಗಿ ಕಾಣುವುದು ನಿಜವೇ ಎಂದು. ಅವರು ನಕ್ಕರು.

"ಅಂಚಿನ್ಯಾಗ ಖರೇ. ನಡುವ ಅಷ್ಟೇನಿಲ್ಲಪಾ. ನಿಮ್ಮಪ್ಪ, ಕಾಕಾ ನಡುವನ ಕುಂತಿದ್ರಲ್ಲ."

ಹೋದ ವರ್ಷ ವೈನಿ ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ತಿಥಿ ಕಾರ್ಯವೆಲ್ಲ ಮುಗಿದಿತ್ತು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಕವರುಗಳನ್ನು ಮಾರುತ್ತಾರೆ.

ಮೊನ್ನೆ ರೋಣದಲ್ಲಿ ತಂಗಿಯ ಮನೆಯ ಸಮಾರಂಭ. ಕಾಕಾನ ಮಗನೂ ಬಂದಿದ್ದ. ನಮ್ಮ ನಡುವೆ ಜಗಳವೇನೂ ಇಲ್ಲ. ಜಗಳವಾಡುವಷ್ಟು ಬಳಕೆಯೂ ಉಳಿದಿಲ್ಲ. ತಂಗಿಯ ಮಗಳು ಎಲ್ಲರನ್ನೂ ಕೂರಿಸಿ ಫೋನಿನಲ್ಲಿ ಒಂದು ಫೋಟೋ ತೆಗೆದಳು. ಯಾರಿಗೂ ಏನೂ ಹೇಳಲಿಲ್ಲ, ಯಾರೂ ಕೂತಲ್ಲಿಂದ ಅಲುಗಲಿಲ್ಲ. "ಚಲೋ ಬಂದೈತಿ ಮಾಮಾ" ಎಂದು ತೋರಿಸಿದಳು. ಚೆನ್ನಾಗಿಯೇ ಇತ್ತು. ಕಾಕಾನ ಮಗನಿಗೂ ನನಗೂ ನಡುವೆ ಅಗಲವಾಗಿ, ಸ್ವಚ್ಛವಾಗಿ, ಬರಿಯ ಗೋಡೆ ಕಾಣುತ್ತಿತ್ತು. ಇನ್ನೊಂದು ತೆಗೆ ಎನ್ನಬೇಕೆಂದುಕೊಂಡೆ. ಏನಂದುಕೊಳ್ಳುತ್ತಾನೋ ಎಂದು ಯೋಚಿಸುತ್ತ ಕೂತೆ. ಅಷ್ಟರಲ್ಲಿ ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಚಪ್ಪಲಿ ಹುಡುಕುತ್ತಿದ್ದ...